ಅಕ್ವೇರಿಯಂ ಎಲ್‌ಇಡಿ ಲೈಟು: ಆಯಸ್ಸು ಎಷ್ಟು, ಬೆಳಕು ಎಷ್ಟು ಬೇಕು

ವಿಜಯಪುರದಲ್ಲಿ ಮನೆಯಲ್ಲಿ ಮೀನು ಸಾಕುವವರು ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳಿವು. ಧ್ವನಿಮುದ್ರಣ ಕೇಳಿ, ಸ್ವಲ್ಪ ತಿದ್ದಿ ಬರೆದಿದ್ದೇನೆ.

ನನ್ನ ಕೈಯಲ್ಲಿರುವ ಈ ಡಬ್ಬಿ ನೋಡಿ. ಎರಡಡಿ ಟ್ಯಾಂಕಿನ ಲೈಟು ಇದು. ಮೇಲೆ ದಪ್ಪ ಅಕ್ಷರದಲ್ಲಿ 50,000 ಗಂಟೆ ಎಂದು ಬರೆದಿದ್ದಾರೆ. ನಿಮ್ಮ ಮನೆಯ ಲೈಟಿನ ಡಬ್ಬಿಯ ಮೇಲೂ ಇದೇ ಸಂಖ್ಯೆ ಇರಬಹುದು. ದಿನಕ್ಕೆ 8 ಗಂಟೆ ಹಚ್ಚಿದರೆ ಲೆಕ್ಕಕ್ಕೆ 17 ವರ್ಷ ಬರುತ್ತದೆ. ಇಲ್ಲಿ ಕೂತವರಲ್ಲಿ ಒಂದೇ ಲೈಟನ್ನು 17 ವರ್ಷ ಬಳಸಿದವರು ಇದ್ದೀರಾ? ಎರಡು ವರ್ಷಕ್ಕೆ ಅರ್ಧ ಸಾಲು ಹೋಯಿತು, ಮೂರು ವರ್ಷಕ್ಕೆ ಮಂಕಾಯಿತು ಅನ್ನುವವರೇ ಜಾಸ್ತಿ. ನನ್ನ ರಿಪೇರಿ ಟೇಬಲ್ಲಿಗೆ ಬರುವ ಲೈಟುಗಳೂ ಅಂಥವೇ.

ಹಾಗಾದರೆ ಡಬ್ಬಿಯ ಮೇಲಿನ ಸಂಖ್ಯೆ ಸುಳ್ಳಾ? ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ವರ್ಷಕ್ಕೆ 8,760 ಗಂಟೆ. ಹಗಲು ರಾತ್ರಿ ಬಿಡದೆ ಉರಿಸಿದರೂ 50,000 ಗಂಟೆ ಮುಗಿಯಲು ಆರು ವರ್ಷಕ್ಕೆ ಸ್ವಲ್ಪ ಕಡಿಮೆ ಬೇಕು. ಅಷ್ಟು ದಿನ ಕಾದು ಯಾವ ಕಂಪನಿಯೂ ಮಾಲು ಮಾರುವುದಿಲ್ಲ. ಅದಕ್ಕೆ ಅಮೆರಿಕದ ಬೆಳಕಿನ ಎಂಜಿನಿಯರುಗಳ ಸಂಘ 2008ರಲ್ಲಿ ಎಲ್‌ಎಂ-80 ಎಂಬ ಪರೀಕ್ಷಾ ಕ್ರಮ ತಂದಿತು. ಎಲ್‌ಇಡಿಯನ್ನು ಗೊತ್ತಾದ ಬಿಸಿಯಲ್ಲಿ ಕನಿಷ್ಠ 6,000 ಗಂಟೆ ಉರಿಸಿ, ಬೆಳಕು ಎಷ್ಟೆಷ್ಟು ಇಳಿಯಿತು ಎಂದು ಬರೆದಿಡುವುದು. 2011ರಲ್ಲಿ ಟಿಎಂ-21 ಎಂಬ ಲೆಕ್ಕದ ನಿಯಮ ಬಂತು. ಪರೀಕ್ಷೆಯ ಅವಧಿಯ ಆರು ಪಟ್ಟಿಗಿಂತ ಜಾಸ್ತಿ ಆಯಸ್ಸು ಹೇಳಿಕೊಳ್ಳಬಾರದು ಎಂದು ಅದು ಕಟ್ಟು ಹಾಕಿತು. ಅಂದರೆ 6,000 ಗಂಟೆ ಪರೀಕ್ಷೆ ಮಾಡಿದವರು 36,000 ಗಂಟೆಯವರೆಗೆ ಮಾತ್ರ ಹೇಳಬಹುದು. 50,000 ಅನ್ನಬೇಕಾದರೆ 8,300 ಗಂಟೆಗೂ ಮೀರಿ ಪರೀಕ್ಷೆ ಮಾಡಿರಬೇಕು.

ಎರಡು ವಿಷಯ ಇಲ್ಲಿ ಗಮನಿಸಿ. ಒಂದು, ಈ ಪರೀಕ್ಷೆ ನಡೆಯುವುದು ಬಿಡಿ ಎಲ್‌ಇಡಿಯ ಮೇಲೆ. ನಿಮ್ಮ ಲೈಟಿನ ಅಡಾಪ್ಟರ್, ವೈರು, ಬೆಸುಗೆ, ಪ್ಲಾಸ್ಟಿಕ್ ಮುಚ್ಚಳ ಇವು ಯಾವುವೂ ಅದರಲ್ಲಿ ಇಲ್ಲ. ಎರಡು, ಆಯಸ್ಸು ಮುಗಿಯಿತು ಅಂದರೆ ಲೈಟು ಆರಿಹೋಯಿತು ಅಂತ ಅಲ್ಲ. ಹೊಸದರಲ್ಲಿ ಇದ್ದ ಬೆಳಕು ಶೇಕಡಾ 70ಕ್ಕೆ ಇಳಿಯಿತು ಅಂತ. ಇದನ್ನು ಎಲ್ 70 ಎನ್ನುತ್ತಾರೆ. ಈ ಎರಡನೆಯ ವಿಷಯವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ನಮಗೆ ಬೇಕಾದದ್ದು ಅದೇ.

ಹಿಂದೆ ಟ್ಯೂಬ್‌ಲೈಟಿನ ಕಾಲದಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು. ತುದಿ ಕಪ್ಪಾಗುತ್ತಿತ್ತು, ಚೋಕು ಗುಂಯ್‌ಗುಡುತ್ತಿತ್ತು, ಸ್ಟಾರ್ಟರ್ ಮಿಣಮಿಣ ಅನ್ನುತ್ತಿತ್ತು. ಗಿಡ ಬೆಳೆಸುವವರು ಉರಿಯುತ್ತಿದ್ದ ಟ್ಯೂಬನ್ನೂ ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು, ಯಾಕೆಂದರೆ ಒಳಗಿನ ಲೇಪ ಹಳೆಯದಾಗಿ ಬೆಳಕು ಕಡಿಮೆಯಾಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಅಭ್ಯಾಸ ಹೋಯಿತು. ಒಳ್ಳೆಯದೇ ಆಯಿತು, ಕಾಸೂ ಉಳಿಯಿತು. ಆದರೆ ಲೈಟು ಹಳೆಯದಾಗುತ್ತದೆ ಅನ್ನುವುದನ್ನೇ ನಾವು ಮರೆತೆವು. ದಿನಾ ಬಳಸುವ ಈಳಿಗೆ ಮೊಂಡಾದದ್ದು ಮನೆಯವರಿಗೆ ಗೊತ್ತಾಗುವುದಿಲ್ಲ, ಅಲ್ವಾ? ಇದೂ ಹಾಗೆ. ಕಣ್ಣು ದಿನದಿನಕ್ಕೆ ಹೊಂದಿಕೊಳ್ಳುತ್ತದೆ. ಗಿಡ ಹೊಂದಿಕೊಳ್ಳುವುದಿಲ್ಲ. ವ್ಯಾಲಿಸ್ನೇರಿಯಾ ಸೊರಗಿತು, ಕೆಂಪು ಎಲೆ ಹಸಿರಾಯಿತು ಎಂದು ಗೊಬ್ಬರ ಬದಲಿಸುತ್ತೇವೆ. ಲೈಟಿನ ಕಡೆ ನೋಡುವುದಿಲ್ಲ.

ಬೆಳಕು ಯಾಕೆ ಇಳಿಯುತ್ತದೆ? ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಚಿಪ್. ಅದರ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ, ಫಾಸ್ಫರ್ ಎನ್ನುತ್ತಾರೆ. ನೀಲಿ ಬೆಳಕಿನ ಒಂದು ಭಾಗವನ್ನು ಆ ಲೇಪ ಹಳದಿ ಮಾಡುತ್ತದೆ, ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಕೆಂಪು, ಹಸಿರು ಎಲ್‌ಇಡಿ ಮೊದಲಿನಿಂದಲೂ ಇದ್ದವು, ರೇಡಿಯೋ ಟೇಪ್‌ರೆಕಾರ್ಡರುಗಳಲ್ಲಿ ನೋಡಿದ್ದೇವೆ. ಚೆನ್ನಾಗಿ ಬೆಳಗುವ ನೀಲಿ ಮಾತ್ರ ಸಿಕ್ಕಿರಲಿಲ್ಲ. ಅದನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ಅಲ್ಲೇ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನಾಕಾಮುರಾ, ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನಿಮ್ಮ ಟ್ಯಾಂಕಿನ ಮೇಲೆ ಉರಿಯುತ್ತಿರುವುದು ಅವರ ಮೂವರ ದುಡಿಮೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಈ ಚಿಪ್ಪಿಗೆ ಕೊಟ್ಟ ಕರೆಂಟಿನಲ್ಲಿ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಹಳೆಯ ಬಲ್ಬಿನ ಬಿಸಿ ಬೆಳಕಿನ ಜೊತೆಗೇ ಹೊರಗೆ ಬರುತ್ತಿತ್ತು, ಕೈ ಒಡ್ಡಿದರೆ ತಾಕುತ್ತಿತ್ತು. ಎಲ್‌ಇಡಿಯ ಬಿಸಿ ಹಾಗೆ ಮುಂದಕ್ಕೆ ಬರುವುದಿಲ್ಲ. ಹಿಂದಿನ ಅಲ್ಯೂಮಿನಿಯಂ ಪಟ್ಟಿಯ ಮೂಲಕವೇ ಇಳಿದು ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಚಿಪ್ ಸವೆಯುತ್ತದೆ, ಲೇಪ ಕೆಡುತ್ತದೆ, ಮೇಲಿನ ಪಾರದರ್ಶಕ ಅಂಟು ಹಳದಿಯಾಗುತ್ತದೆ. ಅಗ್ಗದ ಲೈಟುಗಳಲ್ಲಿ ಎಪಾಕ್ಸಿ ಅಂಟು ಬಳಸುತ್ತಾರೆ, ಅದು ಬೇಗ ಹಳದಿಯಾಗುತ್ತದೆ. ಸಿಲಿಕೋನ್ ಆದರೆ ತಡೆಯುತ್ತದೆ.

ನಮ್ಮ ಊರಿನ ವಿಷಯಕ್ಕೆ ಬರೋಣ. ಬೆಳಗಾವಿ ಮಲೆನಾಡಿನ ಅಂಚಿನ ಊರು, ಮಳೆಗಾಲದಲ್ಲಿ ಅಲ್ಲಿ ಫ್ಯಾನೇ ಬೇಡ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಒಂದೇ ಕಂಪನಿಯ ಒಂದೇ ಲೈಟು ಎರಡೂ ಊರಿನಲ್ಲಿ ಒಂದೇ ಥರ ಬಾಳುವುದಿಲ್ಲ. ಅದರ ಮೇಲೆ ನಾವು ಬಡಗಿಯಿಂದ ಪ್ಲೈವುಡ್ ಮುಚ್ಚಳ ಮಾಡಿಸುತ್ತೇವೆ. ಚೆಂದ ಕಾಣಲಿ ಅಂತ ನಾಲ್ಕೂ ಕಡೆ ಮುಚ್ಚಿಸುತ್ತೇವೆ. ಒಳಗೆ ಎಲ್‌ಇಡಿ ಪಟ್ಟಿಯನ್ನು ನೇರ ಮರಕ್ಕೆ ಅಂಟಿಸುತ್ತೇವೆ. ಮರ ಬಿಸಿಯನ್ನು ಬಿಡುವುದೇ ಇಲ್ಲ. ಕೆಳಗಿನಿಂದ ನೀರಿನ ಹಬೆ ಬೇರೆ. ಇದಕ್ಕಿಂತ ಬೇಗ ಲೈಟು ಕೆಡಿಸುವ ದಾರಿ ನನಗೆ ಗೊತ್ತಿಲ್ಲ.

ಮಾಡಬೇಕಾದದ್ದು ಸುಲಭ. ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ಲಿಗೆ ಅಂಟಿಸಿ, ಚಾನೆಲ್ ಅನ್ನು ಮುಚ್ಚಳಕ್ಕೆ ಕೂರಿಸಿ. ಮುಚ್ಚಳದ ಹಿಂಬದಿ ಗಾಳಿ ಆಡಲು ಕಿಂಡಿ ಬಿಡಿಸಿ. ಕಾಲಿನ ಮೇಲೆ ನಿಲ್ಲುವ ಲೈಟಾದರೆ ಅದರ ಬೆನ್ನ ಮೇಲೆ ಬಟ್ಟೆ, ಮೀನಿನ ಆಹಾರದ ಡಬ್ಬಿ, ಏನೂ ಇಡಬೇಡಿ. ಒಂದು ಗಂಟೆ ಉರಿದ ಮೇಲೆ ಪ್ಲಗ್ ತೆಗೆದು, ಒಣ ಕೈಯಿಂದ ಲೋಹದ ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಟ್ಟುಕೊಳ್ಳಲು ಆಗದಿದ್ದರೆ ಅದು 60 ಡಿಗ್ರಿಯ ಆಸುಪಾಸು ಇದೆ. ಹೊರಗೇ ಅಷ್ಟು ಇದ್ದರೆ ಒಳಗಿನ ಚಿಪ್ ಅದಕ್ಕಿಂತ ಬಿಸಿ.

ಇನ್ನು ಅಡಾಪ್ಟರ್, ಅಥವಾ ಡ್ರೈವರ್. ಲೈಟು ಪೂರ್ತಿ ಆರಿಹೋಯಿತು ಎಂದು ತಂದರೆ ನಾನು ಮೊದಲು ನೋಡುವುದು ಇದನ್ನೇ. ಎಷ್ಟೋ ಸಲ ಎಲ್‌ಇಡಿಗಳು ಚೆನ್ನಾಗಿಯೇ ಇರುತ್ತವೆ. ಡ್ರೈವರಿನ ಒಳಗೆ ಸಣ್ಣ ಡ್ರಮ್ಮಿನ ಆಕಾರದ ಒಂದು ಭಾಗ ಇರುತ್ತದೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಅದರ ಒಳಗಿನ ದ್ರವ ಬಿಸಿಗೆ ಮೆಲ್ಲಗೆ ಒಣಗುತ್ತದೆ. ತಲೆ ಉಬ್ಬಿದ್ದರೆ ಅದು ಹೋದಂತೆ. ಇದಕ್ಕೂ ಆಯಸ್ಸು ಬರೆದಿರುತ್ತದೆ. ಸಾಧಾರಣ ಮಾಲಿಗೆ 105 ಡಿಗ್ರಿಯಲ್ಲಿ 2,000 ಗಂಟೆ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ, ಇದು ಎಲೆಕ್ಟ್ರಾನಿಕ್ಸಿನವರು ಬಳಸುವ ಲೆಕ್ಕ. ಅದು 85 ಡಿಗ್ರಿಯಲ್ಲಿ ಕೆಲಸ ಮಾಡಿದರೆ 8,000 ಗಂಟೆ, ದಿನಕ್ಕೆ 8 ಗಂಟೆಯಂತೆ ಮೂರು ವರ್ಷ ಕೂಡ ಇಲ್ಲ. 65 ಡಿಗ್ರಿಗೆ ಇಳಿಸಿದರೆ 32,000 ಗಂಟೆ, ಹತ್ತು ವರ್ಷದ ಮೇಲೆ. ಅದೇ ಭಾಗ, ಅದೇ ಬೆಲೆ. ಈಗ ಹೇಳಿ, ಅಡಾಪ್ಟರನ್ನು ಟ್ಯಾಂಕಿನ ಮುಚ್ಚಳದೊಳಗೆ ತುರುಕುತ್ತೀರಾ, ಹೊರಗೆ ಗೋಡೆಯ ಮೇಲೆ ಗಾಳಿಗೆ ತೂಗಿಸುತ್ತೀರಾ?

ಗೋಡೆಗೆ ಹಾಕುವಾಗ ಇನ್ನೊಂದು ಮಾತು. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಜೋತು ಬಿದ್ದು ಮೇಲೆ ಹೋಗಲಿ. ವೈರಿನ ಮೇಲೆ ನೀರು ಹರಿದು ಬಂದರೂ ಆ ಜೋತಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ. ಇದು ಲೈಟಿನ ಆಯಸ್ಸಿಗಲ್ಲ, ನಿಮ್ಮ ಆಯಸ್ಸಿಗೆ. ಟ್ಯಾಂಕಿಗೆ ಕೈ ಹಾಕುವುದು ಮಕ್ಕಳೇ ಜಾಸ್ತಿ.

ಕರೆಂಟು ಹೋದಾಗ ಕೆಲವರು 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ನೇರ ಇನ್ವರ್ಟರ್ ಬ್ಯಾಟರಿಗೆ ಕೊಡುತ್ತಾರೆ. ಬ್ಯಾಟರಿಯೂ 12, ಪಟ್ಟಿಯೂ 12, ಸರಿಯಾಯಿತಲ್ಲ ಅನ್ನಿಸುತ್ತದೆ. ಲೆಕ್ಕ ಹಾಕೋಣ. ಈ ಪಟ್ಟಿಯಲ್ಲಿ ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ (ಕರೆಂಟನ್ನು ತಡೆದು ಮಿತಿಯಲ್ಲಿಡುವ ಭಾಗ) ಸೇರಿ ಒಂದು ಗುಂಪು. ಒಂದೊಂದು ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಳ್ಳುತ್ತದೆ. ಮೂರಕ್ಕೆ 9 ಹೋದರೆ ರೆಸಿಸ್ಟರಿಗೆ ಉಳಿಯುವುದು 3. ಬ್ಯಾಟರಿ ಚಾರ್ಜ್ ಆಗುತ್ತಿರುವಾಗ 14 ವೋಲ್ಟ್ ದಾಟುತ್ತದೆ. ಆಗ ರೆಸಿಸ್ಟರಿನ ಪಾಲು 3ರಿಂದ 5ಕ್ಕೆ ಏರುತ್ತದೆ. ವೋಲ್ಟ್ ಏರಿದ್ದು ಎರಡೇ, ಆದರೆ ಎಲ್‌ಇಡಿಯ ಒಳಗೆ ಹರಿಯುವ ಕರೆಂಟು ಹೆಚ್ಚೂಕಡಿಮೆ ಒಂದೂವರೆ ಪಟ್ಟಾಗುತ್ತದೆ. ಲೈಟು ಫಳಫಳ ಹೊಳೆಯುತ್ತದೆ, ನೋಡಲು ಚೆಂದ. ಒಳಗೆ ಬೇಯುತ್ತಿರುತ್ತದೆ. ನಡುವೆ 12 ವೋಲ್ಟಿಗೆ ಹಿಡಿದಿಡುವ ಒಂದು ಸಣ್ಣ ಕನ್ವರ್ಟರ್ ಹಾಕಿದರೆ ಈ ತೊಂದರೆ ಇಲ್ಲ. ಎರಡು ಗಂಟೆ ಕರೆಂಟು ಹೋದರೆ ಲೈಟು ಆರಿಯೇ ಇರಲಿ, ಮೀನಿಗೆ ಏನೂ ಆಗುವುದಿಲ್ಲ. ಆ ಬ್ಯಾಟರಿಯಲ್ಲಿ ಏರ್ ಪಂಪ್ ನಡೆಯಲಿ. ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದದ್ದು ಅದು.

ಬೆಳಕು ಇಳಿದಿದೆ ಎಂದು ಗೊತ್ತಾಗುವುದು ಹೇಗೆ? ಲೈಟು ಮಂಕಾಗಿದೆ ಎಂದು ಒಬ್ಬರು ಬಾಗಲಕೋಟೆಯಿಂದ ತಂದಿದ್ದರು, ಹೊಸದು ಕೊಳ್ಳುವ ಯೋಚನೆಯಲ್ಲಿದ್ದರು. ನೋಡಿದರೆ ಕೆಳಗಿನ ಪಾರದರ್ಶಕ ಮುಚ್ಚಳದ ಮೇಲೆ ಬಿಳಿ ಪೊರೆ ಕಟ್ಟಿತ್ತು. ನಮ್ಮ ಕಡೆಯ ಬೋರ್ ನೀರು ಗಡಸು, ಕೆಲವು ಕಡೆ ಸವಳು. ಏರ್ ಪಂಪಿನ ಗುಳ್ಳೆ ಒಡೆದು ಸಿಡಿದ ಹನಿ ಒಣಗುತ್ತದೆ, ಸುಣ್ಣ ಉಳಿಯುತ್ತದೆ. ಅದರ ಮೇಲೆ ಪಾಚಿ, ಧೂಳು. ಒದ್ದೆ ಬಟ್ಟೆಗೆ ವಿನೆಗರ್ ಹಚ್ಚಿ ಒರೆಸಿದೆ. ಆಮೇಲೆ ಅದೇ ಮಾದರಿಯ ಹೊಸ ಲೈಟಿನ ಪಕ್ಕ ಹಿಡಿದರೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮೊದಲು ಒರೆಸಿ. ಪ್ಲಗ್ ತೆಗೆದು, ತಣ್ಣಗಾದ ಮೇಲೆ. ವಿನೆಗರ್ ಇಲ್ಲದಿದ್ದರೆ ನಿಂಬೆರಸ ಆಗುತ್ತದೆ. ಲೈಟಿನ ಮೇಲೆ ಸುರಿಯಬೇಡಿ, ಬಟ್ಟೆಗೆ ಹಚ್ಚಿ. ಅಕ್ರಿಲಿಕ್ ಮುಚ್ಚಳಕ್ಕೆ ಸ್ಪಿರಿಟ್ ಹಚ್ಚಬೇಡಿ, ಕೂದಲೆಳೆಯಂಥ ಬಿರುಕು ಬರುತ್ತದೆ.

ಒರೆಸಿದ ಮೇಲೆ ಅಳೆಯಿರಿ. ಫೋನಿನಲ್ಲಿ ಲಕ್ಸ್, ಅಂದರೆ ಬೀಳುವ ಬೆಳಕಿನ ಪ್ರಮಾಣ, ಅಳೆಯುವ ಆ್ಯಪ್ ಸಿಗುತ್ತದೆ. ನಿಖರ ಅಲ್ಲ, ನೀಲಿ ಕೆಂಪು ಬೆಳಕನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಆದರೆ ಅದೇ ಫೋನು, ಅದೇ ಲೈಟು, ಅದೇ ಅಂತರ ಇದ್ದರೆ ಇಂದಿನದನ್ನು ಆರು ತಿಂಗಳ ಹಿಂದಿನದಕ್ಕೆ ಹೋಲಿಸಲು ಸಾಕು. ರಾತ್ರಿ ಕೋಣೆಯ ಬೇರೆ ಲೈಟು ಆರಿಸಿ. ಅಕ್ವೇರಿಯಂ ಲೈಟು ಅರ್ಧ ಗಂಟೆ ಉರಿಯಲಿ, ಯಾಕೆಂದರೆ ಬಿಸಿಯಾದಂತೆ ಬೆಳಕು ಸ್ವಲ್ಪ ಇಳಿದು ನಿಲ್ಲುತ್ತದೆ. ಕೆಂಪು ಎಲ್‌ಇಡಿಯಲ್ಲಿ ಈ ಇಳಿತ ಜಾಸ್ತಿ, ತಣ್ಣಗಾದರೆ ಮತ್ತೆ ಏರುತ್ತದೆ. ಆಮೇಲೆ ಅಳೆದು, ತಾರೀಖು ಹಾಕಿ, ಟ್ಯಾಂಕಿನ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಲೈಟು ಕೊಂಡ ದಿನವೇ ಮೊದಲ ಸಂಖ್ಯೆ ಬರೆದಿಟ್ಟವರಿಗೆ ಮಾತ್ರ ಶೇಕಡಾ 70 ಯಾವಾಗ ಬಂತು ಎಂದು ಗೊತ್ತಾಗುತ್ತದೆ. ಇವತ್ತು ಮನೆಗೆ ಹೋಗಿ ಬರೆದರೂ ಆಗುತ್ತದೆ.

ಈಗ ಬೆಳಕು ತಗ್ಗಿಸುವ ವಿಷಯ, ಡಿಮ್ಮಿಂಗ್. ಇದನ್ನು ಜನ ಅಲಂಕಾರ ಅಂದುಕೊಂಡಿದ್ದಾರೆ. ನನಗೆ ಇದು ಲೈಟಿನ ಆಯಸ್ಸನ್ನು ಹೆಚ್ಚಿಸುವ ಅತಿ ಸುಲಭದ ಉಪಾಯ. ಬೆಳಕು ತಗ್ಗಿಸಿದರೆ ಕರೆಂಟು ಕಡಿಮೆ, ಬಿಸಿ ಕಡಿಮೆ, ಸವೆತ ಕಡಿಮೆ. ಅದಕ್ಕೇ ನನ್ನ ಸಲಹೆ ಇಷ್ಟು: ಬೇಕಾದದ್ದಕ್ಕಿಂತ ಒಂದು ಹೆಜ್ಜೆ ದೊಡ್ಡ ಲೈಟು ಕೊಳ್ಳಿ, ಅದನ್ನು ಅರ್ಧಕ್ಕೆ ಇಟ್ಟು ನಡೆಸಿ. ಸಣ್ಣ ಲೈಟನ್ನು ನೂರಕ್ಕೆ ನೂರು ಓಡಿಸುವುದಕ್ಕಿಂತ ಇದು ಅಗ್ಗ. ವರ್ಷ ಕಳೆದಂತೆ ಬೆಳಕು ಇಳಿದರೆ ಐವತ್ತನ್ನು ಅರವತ್ತು ಮಾಡಿಕೊಳ್ಳಬಹುದು, ಎಪ್ಪತ್ತು ಮಾಡಿಕೊಳ್ಳಬಹುದು. ಪೂರ್ತಿ ಓಡಿಸುತ್ತಿರುವವರಿಗೆ ಏರಿಸಲು ಜಾಗವೇ ಉಳಿದಿರುವುದಿಲ್ಲ.

ಡಿಮ್ಮಿಂಗಿನಲ್ಲಿ ಎರಡು ವಿಧ. ಒಂದರಲ್ಲಿ ಹರಿಯುವ ಕರೆಂಟನ್ನೇ ಕಡಿಮೆ ಮಾಡುತ್ತಾರೆ. ಇನ್ನೊಂದು ಪಿಡಬ್ಲ್ಯುಎಂ. ಅದರಲ್ಲಿ ಎಲ್‌ಇಡಿ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹತ್ತಿ ಆರುತ್ತದೆ. ಹತ್ತಿರುವ ಹೊತ್ತು ಕಡಿಮೆಯಾದಷ್ಟು ಬೆಳಕು ಕಡಿಮೆ ಕಾಣುತ್ತದೆ. ಫೋನಿನಲ್ಲಿ ವಿಡಿಯೋ ಮಾಡುವಾಗ ಟ್ಯಾಂಕಿನ ಮೇಲೆ ಕಪ್ಪು ಪಟ್ಟೆ ಓಡಿದರೆ ನಿಮ್ಮದು ಹತ್ತಿ ಆರುವ ವೇಗ ಕಡಿಮೆ ಇರುವ ಲೈಟು. ಎರಡರಲ್ಲೂ ಬಿಸಿ ಇಳಿಯುತ್ತದೆ. ಕರೆಂಟನ್ನೇ ಇಳಿಸುವ ವಿಧದಲ್ಲಿ ಇನ್ನೊಂದು ಲಾಭ ಇದೆ. ಕಡಿಮೆ ಕರೆಂಟಿನಲ್ಲಿ ಎಲ್‌ಇಡಿ ಹೆಚ್ಚು ದಕ್ಷವಾಗಿ ಬೆಳಗುತ್ತದೆ, ಅರ್ಧ ಕರೆಂಟಿಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಬೆಳಕು ಕೊಡುತ್ತದೆ.

ಕಣ್ಣನ್ನು ನಂಬಬೇಡಿ ಎಂದು ಆಗ ಹೇಳಿದೆನಲ್ಲ, ಇಲ್ಲೂ ಅದೇ. ಬೆಳಕು ನಿಜಕ್ಕೂ ಅರ್ಧಕ್ಕೆ ಇಳಿದಾಗ ಕಣ್ಣಿಗೆ ಮುಕ್ಕಾಲಿನ ಹತ್ತಿರ ಇರುವಂತೆ ಕಾಣುತ್ತದೆ. ಕಣ್ಣಿಗೆ ಅರ್ಧ ಅನ್ನಿಸುವಷ್ಟು ತಗ್ಗಿಸಿದರೆ ಗಿಡಕ್ಕೆ ಸಿಗುವುದು ಕಾಲು ಭಾಗದಷ್ಟೇ. ಗಿಡ ಇಟ್ಟವರು ಲಕ್ಸ್ ನೋಡಿಯೇ ತಗ್ಗಿಸಿ.

ಫ್ಯಾನಿನ ರೆಗ್ಯುಲೇಟರಿಗೆ ಲೈಟಿನ ಅಡಾಪ್ಟರ್ ಹಾಕಿ ತಗ್ಗಿಸುವುದನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ಸಾಧಾರಣ ಡ್ರೈವರ್ ಒಳಬರುವ ಕರೆಂಟು ಹೇಗೇ ಇದ್ದರೂ ಹೊರಗೆ ಒಂದೇ ಸಮ ಕೊಡಲು ಹೆಣಗುತ್ತದೆ. ರೆಗ್ಯುಲೇಟರ್ ಅದಕ್ಕೆ ಕತ್ತರಿಸಿದ ಕರೆಂಟು ಕೊಡುತ್ತದೆ. ಲೈಟು ಮಿಣುಕುತ್ತದೆ, ಕೊನೆಗೆ ಡ್ರೈವರ್ ಸುಡುತ್ತದೆ. ತಗ್ಗಿಸುವುದಿದ್ದರೆ ಅಡಾಪ್ಟರಿಗೂ ಲೈಟಿಗೂ ನಡುವೆ, 12 ಅಥವಾ 24 ವೋಲ್ಟಿನ ಕಡೆ ಕೂರುವ ಡಿಮ್ಮರ್ ಹಾಕಿ. ಅದೂ ರೆಸಿಸ್ಟರ್ ಇರುವ ಪಟ್ಟಿಗಳಿಗೆ ಮಾತ್ರ. ಬೇರೆ ಲೈಟಾದರೆ ಕಂಪನಿಯವರೇ ಕೊಡುವ ಕಂಟ್ರೋಲರ್ ಕೊಳ್ಳಿ.

ಎಷ್ಟು ಬೆಳಕು ಬೇಕು? ಆಸ್ಕರ್, ಫ್ಲವರ್‌ಹಾರ್ನ್, ಗೋಲ್ಡ್‌ಫಿಶ್ ಅಷ್ಟೇ ಇದ್ದರೆ ನಿಮಗೆ ನೋಡಲು ಎಷ್ಟು ಬೇಕೋ ಅಷ್ಟು. ಪೂರ್ತಿ ಕತ್ತಲಲ್ಲಿ ಇಡಬೇಡಿ, ಗೋಲ್ಡ್‌ಫಿಶ್ ಬಣ್ಣ ಕಳೆದುಕೊಳ್ಳುತ್ತದೆ. ಅನುಬಿಯಾಸ್, ಜಾವಾ ಫರ್ನ್ ನೆರಳಿನ ಗಿಡಗಳು. ಅವುಗಳ ಮೇಲೆ ಜೋರು ಬೆಳಕು ಬಿಟ್ಟರೆ ಎಲೆಯ ಮೇಲೆ ಕಪ್ಪು ಪಾಚಿ ಕೂರುತ್ತದೆ. ನಾನು ನೋಡಿದ ಮನೆಗಳಲ್ಲಿ ಬೆಳಕು ಕಡಿಮೆಯಾಗಿ ಕೆಟ್ಟ ಟ್ಯಾಂಕಿಗಿಂತ ಬೆಳಕು ಜಾಸ್ತಿಯಾಗಿ ಪಾಚಿ ಹಿಡಿದ ಟ್ಯಾಂಕೇ ಹೆಚ್ಚು. ಹೊಸ ಲೈಟು ತಂದ ವಾರದಲ್ಲೇ ನೀರು ಹಸಿರಾಯಿತು ಅನ್ನುತ್ತಾರಲ್ಲ, ಕಾರಣ ಇದೇ. ಹಳೆಯ ಮಂಕು ಲೈಟಿಗೆ ಒಗ್ಗಿದ ಟ್ಯಾಂಕಿಗೆ ಒಮ್ಮೆಲೇ ಪೂರ್ತಿ ಬೆಳಕು ಸುರಿದಿರುತ್ತಾರೆ. ಹೊಸ ಲೈಟನ್ನು ಶೇಕಡಾ 30ರಿಂದ ಶುರು ಮಾಡಿ, ದಿನಕ್ಕೆ 6 ಗಂಟೆ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ. ಗಿಡ ಚಿಗುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ನೂರಕ್ಕೆ ಹೋಗಲೇಬೇಕು ಅಂತೇನಿಲ್ಲ.

ಬೇಸಿಗೆಯಲ್ಲಿ ಲೈಟಿನ ಹೊತ್ತನ್ನೂ ಬದಲಿಸಿ. ಮಧ್ಯಾಹ್ನದ ಬಿಸಿಲಲ್ಲಿ ಉರಿಸುವ ಬದಲು ಸಂಜೆ 5ರಿಂದ ರಾತ್ರಿ 11ರವರೆಗೆ ಇಡಿ. ನೀವೂ ಆಗಲೇ ಮನೆಯಲ್ಲಿರುತ್ತೀರಿ, ಲೈಟಿಗೂ ತಂಪು. ಟೈಮರ್ ಹಾಕುವವರು ಒಂದು ಗಮನಿಸಿ. ಮುಳ್ಳು ತಿರುಗುವ ಟೈಮರ್ ಕರೆಂಟು ಹೋದಾಗ ನಿಲ್ಲುತ್ತದೆ, ಎರಡು ಗಂಟೆ ಹೋದರೆ ಎರಡು ಗಂಟೆ ಹಿಂದೆ ಬೀಳುತ್ತದೆ. ವೈರಿನ ನಡುವೆ ಇರುವ ಮೂರು ಗುಂಡಿಯ ಟೈಮರುಗಳಲ್ಲಿ ಎಷ್ಟೋ, ಕರೆಂಟು ಬಂದ ಗಳಿಗೆಯಿಂದ ಹೊಸದಾಗಿ ಎಣಿಸಲು ಶುರು ಮಾಡುತ್ತವೆ. ನಡುರಾತ್ರಿ ಲೈಟು ಉರಿಯುತ್ತಿರುತ್ತದೆ, ನಿಮಗೆ ಗೊತ್ತೇ ಇರುವುದಿಲ್ಲ. ಒಳಗೆ ಸಣ್ಣ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಸಮಯ ಮರೆಯುವುದಿಲ್ಲ. ನಮ್ಮ ಊರುಗಳಿಗೆ ಅದೇ ಸರಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಉಳಿಸಿಕೊಂಡಿದ್ದೇನೆ. ಸಾಲಿನಲ್ಲಿ ಮೂರೇ ಎಲ್‌ಇಡಿ ಆರಿವೆ, ಉಳಿದವು ಉರಿಯುತ್ತಿವೆ, ಲೈಟು ಬಿಸಾಡಬೇಕಾ ಎಂದು ಒಬ್ಬರು ಕೇಳಿದರು. ಬೇಡ. ಮೂರರ ಗುಂಪಿನಲ್ಲಿ ಒಂದು ಎಲ್‌ಇಡಿ ಸುಟ್ಟು ದಾರಿ ಕಡಿದರೆ ಉಳಿದೆರಡೂ ಆರುತ್ತವೆ. ಹಾಳಾದದ್ದು ಒಂದೇ ಇರಬಹುದು. ಬೆಸುಗೆ ಬಲ್ಲವರು ಅದನ್ನು ಬದಲಿಸಿಕೊಡುತ್ತಾರೆ. ಆದರೆ ಒಂದು ಯಾಕೆ ಸುಟ್ಟಿತು ಎಂದೂ ನೋಡಿಸಿ. ಒಳಗೆ ನೀರು ಹೋಗಿ ತಾಮ್ರ ಹಸಿರಾಗಿದ್ದರೆ ಪೂರ್ತಿ ಪಟ್ಟಿ ಬದಲಿಸುವುದೇ ಮೇಲು.

ರಾತ್ರಿಯಿಡೀ ನೀಲಿ ಲೈಟು ಬಿಡಬಹುದಾ, ಮಕ್ಕಳಿಗೆ ಇಷ್ಟ ಎಂದು ಒಬ್ಬ ತಾಯಿ ಕೇಳಿದರು. ಮಕ್ಕಳು ಮಲಗುವವರೆಗೆ ಬಿಡಿ ಅಕ್ಕಾ, ಅತಿ ಕಡಿಮೆಗೆ ಇಳಿಸಿ. ಆಮೇಲೆ ಆರಿಸಿಬಿಡಿ. ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಮುಚ್ಚಿಕೊಳ್ಳಲು ಬರುವುದಿಲ್ಲ. ಅದಕ್ಕೆ ನಿದ್ದೆ ಬರಬೇಕಾದರೆ ಕತ್ತಲು ನಾವೇ ಕೊಡಬೇಕು. ಲೈಟು ಹತ್ತಿಸುವಾಗಲೂ ಮೊದಲು ಕೋಣೆಯ ಲೈಟು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಟ್ಯಾಂಕಿನದು ಹಾಕಿ. ಕತ್ತಲಿಂದ ಒಮ್ಮೆಲೇ ಬೆಳಕಿಗೆ ಬಂದರೆ ಮೀನು ಹೆದರಿ ಗಾಜಿಗೆ ಬಡಿದುಕೊಳ್ಳುತ್ತದೆ. ಮೆಲ್ಲಗೆ ಏರುವ ಡಿಮ್ಮರ್ ನಿಮ್ಮ ಲೈಟಿನಲ್ಲಿದ್ದರೆ ಏರುವ ಹೊತ್ತನ್ನು ಅರ್ಧ ಗಂಟೆಗೆ ಇಡಿ.